ಮೂಗಿನ ಹೆಸರು

ಏಪ್ರಿಲ್ ಎರಡನೇ ಸೋಮವಾರ, ಮಟಮಟ ಮಧ್ಯಾಹ್ನ
ಸೊಲ್ಲಾಪುರದ ಗಾಡಿಯಿಂದ ಇಳದ್ಲು.
ಬೆನ್ನಿಗೊಂದು ಚೀಲ, ತೋಳ ಮ್ಯಾಲ ಉಣ್ಣಿ ಕೋಟು
ಸತ್ತ ಕುರಿ ಹೊತ್ತ ಹಂಗ.
ಕರಕೊಂಡು ಬರಾಕ ಹೋದಾಕಿ ನಾನು,
ಕಿವುಡ ಮಕ್ಕಳ ಸಾಲಿಯ ಅಡಗಿ ದ್ಯಾಮವ್ವ.
ಹೆಡ್ಮಾಸ್ತರು ಬರೆದುಕೊಟ್ಟ ರಟ್ಟು ತಲಿಕೆಳಗ ಹಿಡಿದಿದ್ದೆ;
ಅಕಿನ ಬಂದು ಸೀದಾ ಮಾಡಿದ್ಲು.

ಮಾರಿತ್, ಅಂದ್ಲು ಎದಿ ಮುಟ್ಟಿಕೊಂಡು.
ನಮ್ಮ ಕಡೆ ಮಾರಿ ಅಂದ್ರ ಮುಖ.
ಖರೇ ಹೇಳಬೇಕಂದ್ರ ಮಾರಿ ತುಂಬ ಕಣ್ಣ ಇದ್ದವು ಅಕಿಗೆ.

ಟಾಂಗಾದಾಗ ಕುಂತು ಕೇಳಿದ್ದು ಒಂದ ಮಾತು,
ಸೂರ್ಯಾಗ ಬೆರಳು ಮಾಡಿ: ಇದು ಯಾವಾಗ ಆರತೈತಿ?
ನನಗ ಹಂಗ ಅರ್ಥ ಆತು.
ಏಳಕ್ಕ, ಅಂದೆ, ಏಳು ಬೆರಳು ತೋರಿಸಿ.
ಏಳು ತಿಂಗಳು ಅಂತ ತಿಳಕೊಂಡ್ಲೋ ಏನೋ,
ಸಾಲಿ ಬರೂತನಕ ಮಾತಾಡಲಿಲ್ಲ.

ಮೊದಲ ರಾತ್ರಿ ಹಲ್ಲಿ ಲೊಚಗುಟ್ಟಿದ್ದಕ್ಕ ದೀಪ ಹಚ್ಚಿದ್ಲು.
ಎರಡನೇ ರಾತ್ರಿ ಅದಕ್ಕೊಂದು ಹೆಸರಿಟ್ಲು.
ರೊಟ್ಟಿ ಬಡಿಯೋ ಸಪ್ಪಳಕ್ಕ ಎದ್ದು ಬಂದು
ಬಾಗಲದಾಗ ನಿಂತು ಎಣಿಸಿದ್ಲು, ನೂರಾ ನಾಲ್ವತ್ತು.
ಕೆಂಪಖಾರ ಜಾಮ್ ಅಂದುಕೊಂಡು ಹಚ್ಚಿಕೊಂಡದ್ದನ್ನ
ಈಗ ನೆನಿಸಿದ್ರೂ ಭಾಂಡಿ ತಿಕ್ಕೋ ಶಿವಲೀಲಾ ಬಿದ್ದು ಬಿದ್ದು ನಗತಾಳ.
ಸೇವಾ ಮಾಡಾಕ ಬಂದಾಕಿ ಅಂತ ಹೇಳಿದ್ರು.
ಮೊದಲ ವಾರ ನಾವ ಅಕಿ ಸೇವಾ ಮಾಡಿದ್ವಿ:
ಮಜ್ಜಗಿ, ಹಸಿ ಅರಿವಿ, ಉಪ್ಪು ಸಕ್ಕರಿ ನೀರು.
ಅಕಿಗೆ ನಾಚಿಕಿ. ಗ್ವಾಡಿಗೆ ಮಾರಿ ತಿರುವಿ ಮಲಗಿದ್ಲು.

ವಹಿಯಾಗ ದಿನಾ ಏನೋ ಬರೀತಾಳ.
ಕೇಳಿದ್ರ ಅರ್ಧ ಬಾಯಿಲೆ, ಅರ್ಧ ಕೈಲೆ ಹೇಳ್ತಾಳ:
ಇಲ್ಲಿ ಬೆಳಕಿನ ಬಣ್ಣ ಸುಣ್ಣ.
ಬೇವಿನ ನೆರಳಿಗೆ ನಾಯಿ, ನಾಯಿ ಮಗ್ಗಲಿಗೆ ಪೊಲೀಸ.
ಸತ್ತ ಸುಲ್ತಾನರ ಮನಿ ದೊಡ್ಡವು.
ಯಾರೂ ಒಬ್ಬರ ಕುಂತು ಉಣ್ಣೂದಿಲ್ಲ.

ನಮ್ಮ ಹುಡುಗೂರಿಗೆ ಹೆಸರು ಕೇಳೋ ಗರಜಿಲ್ಲ,
ಕಂಡದ್ದನ್ನ ಹೆಸರು ಮಾಡತಾವ.
ಅಂಗೈ ಮ್ಯಾಲ ಅಂಗೈ ಬಡದ್ರ ನಾನು.
ಜಾರೋ ಪ್ಯಾಂಟು ಎತ್ತಿಕೊಂಡ್ರ ಹೆಡ್ಮಾಸ್ತರು.
ಒಂಬತ್ತನೇ ದಿನಕ್ಕ ಅಕಿ ಮೂಗು ಸಿಪ್ಪಿ ಬಿಟ್ಟಿತು
ಹಳೇ ಉಳ್ಳಾಗಡ್ಡಿ ಹಂಗ.
ಸಿಂದಗಿ ಕಡೆ ನಸೀಮಾ, ಏಳು ವರ್ಷದ್ದು,
ತನ್ನ ಮೂಗಿನ ತುದಿಯಿಂದ ಏನೋ ಮೆಲ್ಲಕ ಸುಲಿದು
ಗಾಳಿಗೆ ಊದಿತು.
ಸಂಜಿ ಆಗೂದ್ರಾಗ ಅರವತ್ತು ಮಕ್ಕಳು
ಸುಲಿದು ಊದಾಕ ಹತ್ತಿದ್ವು.
ಕನ್ನಡಿ ಮುಂದ ನಿಂತು
ತನ್ನ ಹೆಸರು ತಾನ ರೂಢಿ ಮಾಡಿಕೊಳ್ಳೂದನ್ನ ನಾ ನೋಡೀನಿ.

ಆಮ್ಯಾಲ ಒಂದು ರವಿವಾರ ಗೋಳಗುಮ್ಮಟ.
ಮ್ಯಾಲಿನ ಸುತ್ತಿನಾಗ ಮಂದಿ ಒದರತಿದ್ರು, ಚಪ್ಪಾಳಿ, ಸೀಟಿ,
ಒಂದಕ್ಕ ಏಳಾಗಿ ಹೊಳ್ಳಿ ಬರೂ ಸಪ್ಪಳ.
ನನ್ನ ತಲಿ ಗಿರ್ರಂತು.
ಹುಡುಗೂರು ಬಾಯಿ ತೆರೆದ ಮಂದೀನ ನೋಡಿ
ಒಬ್ಬರಿಗೊಬ್ಬರು ಸನ್ನಿ ಮಾಡಿ ನಗತಿದ್ವು:
ಇವರಿಗೆಲ್ಲ ಹಲ್ಲು ನೋವು!
ಅಕಿ ಎರಡೂ ಕಿವಿಗೆ ಬೆರಳು ತುರುಕಿಕೊಂಡು
ಒಂದು ಸುತ್ತು ನಡೆದ್ಲು, ಸಾವಕಾಶ.
ಎದುರಿನ ದಂಡಿಯಿಂದ ನಸೀಮಾ ಅಕಿ ಹೆಸರು ಕರೀತು:
ಮೂಗು, ಸುಲಿ, ಊದು.
ಅಷ್ಟು ಗದ್ದಲದಾಗ, ಅಷ್ಟು ದೂರದಿಂದ,
ಒಂದ ಸಲ.
ಅಕಿ ಕಿವಿಯಿಂದ ಬೆರಳು ತೆಗೆದು ಕೈ ಎತ್ತಿದ್ಲು.

ಆ ಕೋಟು ನನ್ನ ಉಗ್ರಾಣದ ಗೂಟಕ್ಕ ಐತಿ,
ಜ್ವಾಳದ ಚೀಲದ ಹಿಂದ.
ನಿನ್ನೆ ಯಾರೂ ಇಲ್ಲದಾಗ ಹಾಕ್ಕೊಂಡು ನೋಡಿದೆ.
ಕಿಸೆದಾಗ ಒಂದು ಬಸ್ಸಿನ ಚೀಟಿ,
ಯಾವುದೋ ಗಿಡದ ಸೂಜಿಯಂಥ ಎಲಿ.
ಮೂಸಿದೆ. ನಮ್ಮ ಕಡೆ ಯಾವುದಕ್ಕೂ ಇಲ್ಲದ ವಾಸನಿ.
ಹೊರಗ ನಾಲ್ವತ್ಮೂರು ಡಿಗ್ರಿ ಅಂತ ರೇಡಿಯೋ.
ನಾನು ಮ್ಯಾಲಿನ ಗುಂಡಿ ಹಾಕ್ಕೊಂಡೆ,
ಆಮ್ಯಾಲ ಕೆಳಗಿಂದೂ.